ಸ್ವಂತ ಮನೆ ಮೇಲೆ ಒಂದು ರೂಮು ಹಾಕೋಕೂ ಪರ್ಮಿಷನ್ ಬೇಕಾ?

ಪ್ರಶ್ನೆ: ಸರ್, ನಮ್ಮದು ಒಂದೇ ಫ್ಲೋರ್ ಇರೋ ಮನೆ, ಹಳೇ ಮಾಲೀಕರಿಂದ ತಗೊಂಡಿದ್ದು. ಮೇಲೆ ಅಟ್ಯಾಚ್ಡ್ ಬಾತ್‌ರೂಮ್ ಇರೋ ಒಂದು ರೂಮು ಹಾಕ್ಬೇಕು, ಕೆಳಗೆ ಹಾಲ್‌ಗೂ ಅಡುಗೆಮನೆಗೂ ಮಧ್ಯ ಇರೋ ಗೋಡೆ ತೆಗೆಸ್ಬೇಕು ಅಂತಿದೀವಿ. ಕಾಂಟ್ರಾಕ್ಟರ್ "ಸ್ವಂತ ಜಾಗ, ಪರ್ಮಿಷನ್ ಯಾಕೆ, ಯಾರಾದ್ರೂ ಕೇಳಿದ್ರೆ ಆಮೇಲೆ ನೋಡ್ಕೊಳ್ಳೋಣ" ಅಂತಾರೆ. ನಮ್ಮ ಭಾವ ಪೇಂಟ್ ಹೊಡೆಸೋಕೂ ಕೇಳ್ಬೇಕು ಅಂತ ಹೆದರಿಸ್ತಾರೆ. ಹಿತ್ತಲಲ್ಲಿ ಹಳೇ ಮಾಲೀಕರು ಕಟ್ಟಿದ ಒಂದು ಶೆಡ್ಡೂ ಇದೆ, ಅದು ಯಾವ ಪ್ಲ್ಯಾನ್‌ನಲ್ಲೂ ಇಲ್ಲ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡ್ತೀನಿ. ಮೇಲಿನ ರೂಮಿಗೆ ಪರ್ಮಿಷನ್ ಬೇಕು, ಅದರಲ್ಲಿ ಡೌಟೇ ಬೇಡ. ಗೋಡೆ ವಿಷಯ ಆ ಗೋಡೆ ಭಾರ ಹೊತ್ತಿದ್ಯೋ ಇಲ್ವೋ ಅನ್ನೋದರ ಮೇಲೆ ಹೋಗತ್ತೆ, ಹೊತ್ತಿದ್ರೆ ಬೇಕು. ಪೇಂಟಿಗೆ ಸಾಮಾನ್ಯವಾಗಿ ಬೇಡ, ನಿಮ್ಮ ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲೋ ಅಂಥ ಬೀದಿಯಲ್ಲೋ ಇದ್ರೆ ಮಾತ್ರ ಭಾವ ಹೇಳೋದು ಸರಿ. ಇನ್ನು ಶೆಡ್ಡು, ನೀವು ಕೊನೇಲಿ ಬರೆದಿದೀರಿ, ನನ್ನ ಪ್ರಕಾರ ನಿಮ್ಮನ್ನ ಮೊದಲು ಹಿಡ್ಕೊಳ್ಳೋದೇ ಅದು. ಯಾಕೆ ಅಂತ ಮುಂದೆ ಬರ್ತೀನಿ.

ಪರ್ಮಿಷನ್ ಅಂದ ತಕ್ಷಣ ಜನ ಒಂದು ಸೀಲು ಒಂದು ಸೈನು ಅಂದ್ಕೋತಾರೆ, ಆದ್ರೆ ಹೆಚ್ಚಿನ ಕಡೆ ಒಳಗೆ ಎರಡು ಬೇರೆ ಬೇರೆ ಪ್ರಶ್ನೆ ಇರತ್ತೆ, ಈ ಜಾಗದಲ್ಲಿ ಇಷ್ಟು ದೊಡ್ಡದು ಇಷ್ಟು ಎತ್ತರದ್ದು ಈ ಉಪಯೋಗಕ್ಕೆ ಕಟ್ಟಬಹುದಾ ಅನ್ನೋದು ಒಂದು, ಕಟ್ಟೋದು ಗಟ್ಟಿಯಾಗಿ ಸೇಫ್ ಆಗಿ ಇರತ್ತಾ ಅನ್ನೋದು ಇನ್ನೊಂದು. ಕೆಲವು ಕಡೆ ಎರಡನ್ನೂ ಒಂದೇ ಆಫೀಸು ನೋಡತ್ತೆ, ಕೆಲವು ಕಡೆ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಫೀಸು. ಇಂಗ್ಲೆಂಡ್‌ನಲ್ಲಿ ಇದು ಕಣ್ಣಿಗೆ ಹೊಡೆಯೋ ಹಾಗೆ ಕಾಣತ್ತೆ, ಅಲ್ಲಿ ಮನೆ ಹಿಂದೆ ಒಂದೇ ಫ್ಲೋರಿನ ಎಕ್ಸ್‌ಟೆನ್ಷನ್ ಪಕ್ಕದ ಮನೆಗೆ ಅಂಟಿಕೊಂಡ ಮನೆಯಾದ್ರೆ 3 ಮೀಟರ್, ಬಿಡಿ ಮನೆಯಾದ್ರೆ 4 ಮೀಟರ್ ತನಕ, ಬೇರೆ ಷರತ್ತುಗಳಿಗೆ ಒಳಪಟ್ಟು, ಪ್ಲ್ಯಾನಿಂಗ್ ಅರ್ಜಿ ಇಲ್ಲದೆ ಕಟ್ಟಬಹುದು, ಆದ್ರೆ ಪಾಯ, ಡ್ರೈನು, ಬೀಮು ಇವಕ್ಕೆಲ್ಲ ಕಟ್ಟಡ ನಿಯಮದ ಮಂಜೂರಾತಿ ಬೇಕೇ ಬೇಕು. ಒಂದಕ್ಕೆ ವಿನಾಯ್ತಿ ಸಿಕ್ಕಿದ್ದನ್ನ ಎರಡಕ್ಕೂ ಸಿಕ್ತು ಅಂದ್ಕೊಂಡು ಸಿಕ್ಕಿಹಾಕ್ಕೊಳ್ಳೋರು ಬಹಳ. ಹಾಗಾಗಿ ನಿಮ್ಮ ಆಫೀಸಿಗೆ ಹೋದಾಗ "ಪರ್ಮಿಷನ್ ಬೇಕಾ" ಅಂತ ಕೇಳಬೇಡಿ, "ಈ ಕೆಲಸಕ್ಕೆ ಯಾವ ಯಾವ ಮಂಜೂರಾತಿ ಬೇಕು" ಅಂತ ಕೇಳಿ, ಬರೋ ಉತ್ತರ ಬೇರೆ ಇರತ್ತೆ ನೋಡಿ.

ಗೆರೆ ಎಲ್ಲಿ ಎಳೀತಾರೆ ಅಂತ ಒಂದು ಅಂದಾಜು ಬೇಕಾದ್ರೆ, ಅಮೆರಿಕದ ಬಹಳಷ್ಟು ಊರುಗಳು ಆಧಾರವಾಗಿ ಇಟ್ಕೊಳ್ಳೋ ಮನೆ ಕಟ್ಟಡಗಳ ಮಾದರಿ ಸಂಹಿತೆ ಒಂದಿದೆ, ಅದರ ವಿನಾಯ್ತಿ ಪಟ್ಟಿ ನೋಡಿ. ಪೇಂಟು, ಟೈಲ್ಸು, ಅಡುಗೆಮನೆ ಕಪಾಟು, ಕಟ್ಟೆ, ಇಂಥ ಫಿನಿಶಿಂಗ್ ಕೆಲಸಕ್ಕೆ ಪರ್ಮಿಟ್ ಬೇಡ. ಮನೆಯಿಂದ ಬಿಡಿಯಾಗಿರೋ ಒಂದೇ ಫ್ಲೋರಿನ 200 ಚದರ ಅಡಿ ಮೀರದ ಶೆಡ್ಡಿಗೆ ಬೇಡ. 7 ಅಡಿ ಮೀರದ ಬೇಲಿಗೆ ಬೇಡ. ಮಣ್ಣು ತಡೆಯೋ ಗೋಡೆ ಪಾಯದ ತಳದಿಂದ 4 ಅಡಿ ಮೀರದಿದ್ರೆ, ಮೇಲೆ ಬೇರೆ ಭಾರ ಇಲ್ಲದಿದ್ರೆ, ಬೇಡ. ಊರೂರಿಗೆ ಈ ಅಳತೆ ಬದಲಾಗತ್ತೆ, ಈ ಅಂಕಿಗಳನ್ನ ಹಿಡ್ಕೊಂಡು ನಿಮ್ಮ ಆಫೀಸಲ್ಲಿ ವಾದ ಮಾಡೋಕೆ ಹೋಗಬೇಡಿ ಮತ್ತೆ. ಅದರ ಹಿಂದಿರೋ ಯೋಚನೆ ನೋಡಿ ಸಾಕು, ಕಟ್ಟಡದ ಭಾರ ಹೋಗೋ ದಾರಿ ಬದಲಾಗತ್ತಾ, ಹೊರಗಿನ ಆಕಾರ ಬೆಳೆಯತ್ತಾ, ಉಪಯೋಗ ಬದಲಾಗತ್ತಾ, ಹೊಸ ಕರೆಂಟು ನೀರು ಡ್ರೈನು ಲೈನ್ ಬರತ್ತಾ. ಇದರಲ್ಲಿ ಯಾವುದಕ್ಕಾದ್ರೂ ಹೌದು ಅಂತ ಬಂದ್ರೆ ಆಫೀಸಿಗೆ ಹೋಗ್ಬೇಕು ಅಂತಲೇ ಲೆಕ್ಕ. ನಿಮ್ಮ ಮೇಲಿನ ರೂಮಿಗೆ ಮೂರಕ್ಕೆ ಹೌದು. ಇನ್ನೊಂದು ಮಾತು, ಅದೇ ಪಟ್ಟಿಯ ಜೊತೆ ಒಂದು ಸಾಲು ಇದೆ, ಪರ್ಮಿಟ್ ಬೇಡ ಅಂದ ಮಾತ್ರಕ್ಕೆ ಉಳಿದ ನಿಯಮ ಮುರಿಯೋಕೆ ಅನುಮತಿ ಕೊಟ್ಟ ಹಾಗಲ್ಲ ಅಂತ. 200 ಚದರ ಅಡಿಯ ಶೆಡ್ಡನ್ನೂ ಗಡಿಗೆ ಅಂಟಿಸಿ ಕಟ್ಟೋ ಹಾಗಿಲ್ಲ.

ಈಗ ಎಲ್ಲಿಂದ ಶುರು ಅಂತ. ಕಾಂಟ್ರಾಕ್ಟರ್ ಹತ್ರನೂ ಬೇಡ, ಹೊಸ ಡ್ರಾಯಿಂಗ್ ಮಾಡಿಸೋಕೂ ಈಗಲೇ ಹೋಗಬೇಡಿ. ನಿಮ್ಮ ಮನೆಗೆ ಹಿಂದೆ ಮಂಜೂರಾದ ಪ್ಲ್ಯಾನ್ ಇರತ್ತಲ್ಲ, ಅದರ ದೃಢೀಕೃತ ಪ್ರತಿ ಸ್ಥಳೀಯ ಆಫೀಸಿನಿಂದ ತೆಗೆಸಿ. ಮಾಲೀಕರು ಕೊಟ್ಟ ಜೆರಾಕ್ಸ್ ಸಾಲದು, ಎಷ್ಟೋ ಸಲ ಅದು ಮಂಜೂರಾಗೋಕೆ ಮುಂಚಿನ ಡ್ರಾಫ್ಟ್ ಆಗಿರತ್ತೆ. ಆಮೇಲೆ ಒಂದು ಭಾನುವಾರ ಟೇಪ್ ಹಿಡ್ಕೊಂಡು ಮನೆಯವರೇ ಅಳೀರಿ, ನಾಲ್ಕೂ ಕಡೆ ಗಡಿಯಿಂದ ಗೋಡೆಗೆ ಎಷ್ಟು ಜಾಗ, ಹೊರಗೋಡೆ ಉದ್ದ ಎಷ್ಟು, ಕಿಟಕಿ ಎಲ್ಲಿದೆ, ಸಜ್ಜಾ ಎಷ್ಟು ಮುಂದೆ ಚಾಚಿದೆ. ಪ್ಲ್ಯಾನಲ್ಲಿ ಇರೋದಕ್ಕೂ ನೆಲದ ಮೇಲೆ ಇರೋದಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಅಂತ ಕೆಂಪು ಪೆನ್ನಲ್ಲಿ ಗುರುತು ಹಾಕಿ. ನಾನು ಹಳೇ ಮನೆಗಳ ಮೇಲೆ ಫ್ಲೋರ್ ಏರಿಸೋ ಕೇಸ್ ನೋಡಿದಾಗಲೆಲ್ಲ ಫೈಲು ನಿಲ್ಲೋದು ಹೊಸ ಕೆಲಸದಿಂದ ಅಲ್ಲ, ಇದ್ದ ಕಟ್ಟಡವೇ ಪ್ಲ್ಯಾನಿಗೆ ಹೊಂದದೇ ಇರೋದ್ರಿಂದ. ಸೈಟ್ ನೋಡೋಕೆ ಬಂದವರು ಮೊದಲು ಹಿತ್ತಲಿಗೆ ಹೋಗ್ತಾರೆ, ಶೆಡ್ಡು ಕಾಣತ್ತೆ, ಪ್ಲ್ಯಾನಲ್ಲಿ ಹುಡುಕ್ತಾರೆ, ಇರಲ್ಲ, ಅಲ್ಲಿಗೆ ನಿಮ್ಮ ಮೇಲಿನ ರೂಮಿನ ಅರ್ಜಿ ಪಕ್ಕಕ್ಕೆ ಹೋಗತ್ತೆ. ಹಳೇ ಮಾಲೀಕರು ಕಟ್ಟಿದ್ದು ಅಂದ್ರೂ ಸಾಮಾನ್ಯವಾಗಿ ನಡೆಯಲ್ಲ, ನಿಯಮ ಮುರಿದಿರೋದು ಕಟ್ಟಡ, ಈಗ ಅದರ ಮಾಲೀಕರು ನೀವು.

ಅದೇ ಟೈಮಲ್ಲಿ ಜಾಗದ ಪತ್ರನೂ ಒಂದ್ಸಲ ಪೂರ್ತಿ ಓದ್ಬಿಡಿ. ದಾರಿ ಹಕ್ಕು, ಡ್ರೈನ್ ಹೋಗೋ ಪಟ್ಟಿ, ಹೈಟೆನ್ಷನ್ ಲೈನಿನ ಕೆಳಗಿನ ಜಾಗ, ಲೇಔಟಿನವರು ಹಾಕಿರೋ ಷರತ್ತು, ಇವೆಲ್ಲ ಅದರಲ್ಲಿರತ್ತೆ. ಬ್ಯಾಂಕ್ ಸಾಲ ಇನ್ನೂ ಇದ್ರೆ ಅವರ ಒಪ್ಪಿಗೆನೂ ಬೇಕಾಗಬಹುದು.

ಮುಂದೆ ಲೆಕ್ಕ. ಎಷ್ಟು ಕಟ್ಟಬಹುದು ಅನ್ನೋದನ್ನ ಸಾಮಾನ್ಯವಾಗಿ ನಾಲ್ಕು ಅಳತೆ ಹಿಡಿದು ನೋಡ್ತಾರೆ, ಗಡಿಯಿಂದ ಬಿಡಬೇಕಾದ ಸೆಟ್‌ಬ್ಯಾಕು, ಸೈಟಿನ ಎಷ್ಟು ಪಾಲು ನೆಲ ಮುಚ್ಚಬಹುದು, ಎಲ್ಲ ಫ್ಲೋರ್ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು, ಎತ್ತರ. ಉದಾಹರಣೆಗೆ ಸೈಟು 200 ಚದರ ಮೀಟರ್, ಅಲ್ಲಿ ಎಫ್‌ಎಆರ್, ಅಂದ್ರೆ ಎಲ್ಲ ಫ್ಲೋರ್ ಸೇರಿ ಸೈಟಿನ ಎಷ್ಟು ಪಟ್ಟು ಅನ್ನೋ ಅಂಕಿ, 1 ಅಂತಿಟ್ಕೊಳ್ಳಿ, ಕೆಳಗಿನ ಮನೆ 120, ಶೆಡ್ಡು 18, ಹೊಸ ರೂಮು ಮೆಟ್ಟಿಲು ಸೇರಿ 30, ಒಟ್ಟು 168, ಒಳಗೇ ಇದೆ. ಆದ್ರೆ ನೆಲ ಮುಚ್ಚೋ ಮಿತಿ ಶೇಕಡಾ 65 ಇದ್ರೆ 130 ತನಕ ಮಾತ್ರ, ಮನೆ ಶೆಡ್ಡು ಸೇರಿದ್ರೆ 138 ಆಯ್ತು. ಮೇಲೆ ಕಟ್ಟೋ ರೂಮಿಗೆ ಏನೂ ತೊಂದ್ರೆ ಇಲ್ಲ, ಕೆಳಗಿನ ಶೆಡ್ಡು ಮಿತಿ ಮೀರಿಸ್ತಿದೆ. ಈ ಅಂಕಿ ನಾನು ಉದಾಹರಣೆಗೆ ಹಾಕಿದ್ದು, ನಿಮ್ಮ ವಲಯದ ಅಂಕಿ ಹಾಕ್ಕೊಂಡು ನೀವೇ ಒಂದ್ಸಲ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ, ಡ್ರಾಯಿಂಗಿಗೆ ದುಡ್ಡು ಕೊಡೋಕೆ ಮುಂಚೆನೇ ಉತ್ತರ ಸಿಗತ್ತೆ. ಮೆಟ್ಟಿಲು, ಬಾಲ್ಕನಿ, ಪಾರ್ಕಿಂಗ್ ಇವನ್ನ ವಿಸ್ತೀರ್ಣಕ್ಕೆ ಸೇರಿಸ್ತಾರಾ ಇಲ್ವಾ ಅನ್ನೋದು ಊರೂರಿಗೆ ಬೇರೆ, ಅದನ್ನ ಕೇಳಿ.

ಸೆಟ್‌ಬ್ಯಾಕ್ ಅಂದ್ರೆ ಜನಕ್ಕೆ ಬಹಳ ಸಿಟ್ಟು, ನನ್ನ ಜಾಗ ನಾನು ಯಾಕೆ ಬಿಡ್ಲಿ ಅಂತ. ಗಾಳಿ ಬೆಳಕು ಒಂದು ಕಾರಣ, ಇನ್ನೊಂದು ಬೆಂಕಿ. 1666ರಲ್ಲಿ ಲಂಡನ್ ಸುಟ್ಟಾಗ 13,000ಕ್ಕೂ ಹೆಚ್ಚು ಮನೆ ಹೋಯ್ತು, ಮರುವರ್ಷವೇ ಇಟ್ಟಿಗೆ ಅಥವಾ ಕಲ್ಲಲ್ಲೇ ಕಟ್ಟಬೇಕು, ಗೋಡೆ ಇಷ್ಟು ದಪ್ಪ ಇರಬೇಕು ಅಂತ ಕಾನೂನು ಬಂತು. ಇವತ್ತಿನ ನಿಯಮದಲ್ಲೂ ಅದೇ ಭಯ ಇದೆ. ನಾನು ಮೇಲೆ ಹೇಳಿದ ಅಮೆರಿಕದ ಮಾದರಿ ಸಂಹಿತೆಯಲ್ಲಿ, ಸ್ಪ್ರಿಂಕ್ಲರ್ (ಬೆಂಕಿ ಬಿದ್ರೆ ತಾನಾಗೇ ನೀರು ಚಿಮ್ಮಿಸೋ ವ್ಯವಸ್ಥೆ) ಇಲ್ಲದ ಮನೆಯ ಹೊರಗೋಡೆ ಗಡಿಯಿಂದ 5 ಅಡಿಗಿಂತ ಹತ್ತಿರ ಇದ್ರೆ ಆ ಗೋಡೆ ಒಂದು ಗಂಟೆ ಬೆಂಕಿ ತಡೀಬೇಕು, 3 ಅಡಿಗಿಂತ ಹತ್ತಿರ ಇದ್ರೆ ಕಿಟಕಿನೇ ಇಡೋ ಹಾಗಿಲ್ಲ. ಬಾತ್‌ರೂಮಿನ ಸಣ್ಣ ವೆಂಟಿಲೇಟರ್ ತಾನೇ ಅಂತ ಪಕ್ಕದ ಮನೆ ಕಡೆ ಇಟ್ಟು ಆಮೇಲೆ ಮುಚ್ಚಿಸಿಕೊಂಡವರಿದ್ದಾರೆ. ನಿಮ್ಮ ಹೊಸ ಬಾತ್‌ರೂಮ್ ಯಾವ ಕಡೆ ಬರತ್ತೆ ಅಂತ ಈಗಲೇ ನೋಡ್ಕೊಳ್ಳಿ.

ಇನ್ನು ನನ್ನ ಕಸುಬಿನ ಭಾಗಕ್ಕೆ ಬರೋಣ, ಭಾರ. "ಒಂದೇ ರೂಮು ಸಾರ್" ಅಂತಾರಲ್ಲ, ಆ ಒಂದೇ ರೂಮು ಎಷ್ಟು ತೂಗತ್ತೆ ಅಂತ ಇಲ್ಲೇ ಹಾಕಿ ತೋರಿಸ್ತೀನಿ. ನಾಲ್ಕು ಮೀಟರ್ ಇಂಟು ಐದು ಮೀಟರ್, 20 ಚದರ ಮೀಟರ್. 150 ಮಿಲಿಮೀಟರ್ ದಪ್ಪದ ಆರ್‌ಸಿಸಿ ಸ್ಲ್ಯಾಬು ಒಂದು ಚದರ ಮೀಟರ್‌ಗೆ ಸುಮಾರು 375 ಕೆಜಿ, ಅಲ್ಲಿಗೆ 7.5 ಟನ್. 230 ಮಿಲಿಮೀಟರ್ ಇಟ್ಟಿಗೆ ಗೋಡೆ, ಮೂರು ಮೀಟರ್ ಎತ್ತರ, ಗಾರೆ ಸೇರಿ ಒಂದು ಮೀಟರ್ ಉದ್ದಕ್ಕೆ 1.3ರಿಂದ 1.4 ಟನ್, ಸುತ್ತಳತೆ 18 ಮೀಟರ್, ಹತ್ತತ್ರ 24 ಟನ್. ಟೈಲ್ಸು, ಅದರ ಕೆಳಗಿನ ಬೆಡ್ಡು, ಮೇಲಿನ ವಾಟರ್‌ಪ್ರೂಫಿಂಗು ಸೇರಿ ಒಂದು ಮೂರೂವರೆ ಟನ್. ಜನ ಸಾಮಾನು ಅಂತ ಲೆಕ್ಕದಲ್ಲಿ ಚದರ ಮೀಟರ್‌ಗೆ 200 ಕೆಜಿ ಹಿಡೀತಾರೆ, ಅದು 4 ಟನ್. ಮೇಲೆ ಸಾವಿರ ಲೀಟರ್ ಟ್ಯಾಂಕ್ ಇಟ್ರೆ ಇನ್ನೊಂದು ಟನ್. ಕೂಡಿದ್ರೆ 40 ಟನ್ ಆಯ್ತು ನೋಡಿ. ಈ 40 ಟನ್ ಇಳಿದು ಹೋಗಬೇಕಾದ್ದು ನೀವು ನೋಡೇ ಇರದ ಹಳೇ ಪಾಯಕ್ಕೆ. ಅಲ್ಲಿನ ಮಣ್ಣು ಚದರ ಮೀಟರ್‌ಗೆ 15 ಟನ್ ತಡಕೊಳ್ಳತ್ತೆ ಅಂತಿಟ್ಕೊಂಡ್ರೆ, ಈ ಒಂದು ರೂಮಿಗೇ 2.7 ಚದರ ಮೀಟರ್ ಪಾಯದ ಜಾಗ ಕೆಳಗೆ ಮಿಕ್ಕಿರಬೇಕು. ಇದ್ಯಾ ಇಲ್ವಾ ಅಂತ ಹೇಳೋದು ಹೇಗೆ? ಒಂದೆರಡು ಕಡೆ ಪಾಯದ ಪಕ್ಕ ಗುಂಡಿ ತೋಡಿ ಅಗಲ ಆಳ ನೋಡ್ಬೇಕು, ಕಾಲಂ ಮನೆಯಾದ್ರೆ ಕಂಬಿ ಎಷ್ಟಿದೆ ಅಂತ ಸ್ಕ್ಯಾನ್ ಮಾಡಿನೋ ಒಂದು ಕಡೆ ಕಾಂಕ್ರೀಟು ಸ್ವಲ್ಪ ಕೆತ್ತಿನೋ ನೋಡ್ಬೇಕು. ಟೆರೇಸ್ ಮೇಲೆ ಕಾಲಂ ಕಂಬಿ ಬಿಟ್ಟಿದಾರೆ ಅಂದ್ರೆ ಮೇಲೆ ಕಟ್ಟೋಕೆ ಪಾಯ ಹಾಕಿದಾರೆ ಅಂತ ಅರ್ಥ ಅಂತ ಎಲ್ರೂ ಹೇಳ್ತಾರೆ. ಕಂಬಿ ಬಿಟ್ಟಿರೋದು ಕಟ್ಟಿದವರ ಆಸೆ ತೋರಿಸತ್ತೆ ಅಷ್ಟೇ, ಪಾಯದ ಅಳತೆ ತೋರಿಸಲ್ಲ. ಅದೂ ಬಿಸಿಲು ಮಳೆಗೆ ತುಕ್ಕು ಹಿಡಿದು ಚಕ್ಕೆ ಏಳ್ತಿದ್ರೆ ಆ ಕಂಬಿಗೆ ಹೊಸದು ಕಟ್ಟೋ ಮುಂಚೆ ಬಹಳ ಯೋಚನೆ ಮಾಡ್ಬೇಕು.

ಲೆಕ್ಕದಲ್ಲಿ ಗೋಡೆ ಎಷ್ಟು ತಿಂತು ನೋಡಿದ್ರಲ್ಲ, 40ರಲ್ಲಿ 24. ಅದನ್ನೇ 200 ಮಿಲಿಮೀಟರ್ ಹಗುರ ಬ್ಲಾಕಲ್ಲಿ ಕಟ್ಟಿದ್ರೆ ಗಾರೆ ಸೇರಿ 10 ಟನ್ ಆಸುಪಾಸಿಗೆ ಇಳಿಯತ್ತೆ. ಪಾಯ ಸಾಲ್ತಿಲ್ಲ ಅನ್ನೋ ಕೇಸುಗಳು ಎಷ್ಟೋ ಸಲ ಇಷ್ಟರಲ್ಲೇ ಬಗೆಹರಿಯತ್ತೆ, ಅದಕ್ಕೇ ಎಂಜಿನಿಯರ್ ಹತ್ರ ಡ್ರಾಯಿಂಗ್ ಮುಗಿದ ಮೇಲೆ ಸೈನಿಗೆ ಅಂತ ಹೋಗೋದಲ್ಲ, ಡ್ರಾಯಿಂಗ್ ಶುರುವಿಗೇ ಹೋಗ್ಬೇಕು.

ಗೋಡೆ ವಿಷಯ. ತಟ್ಟಿ ನೋಡಿ "ಟೊಳ್ಳು ಸದ್ದು ಬರತ್ತೆ, ಪಾರ್ಟಿಷನ್ನು, ತೆಗೀಬಹುದು" ಅಂತ ಹೇಳೋ ಮೇಸ್ತ್ರಿಗಳಿದಾರೆ, ಸದ್ದಿನಿಂದ ಭಾರ ಗೊತ್ತಾಗಲ್ಲ. ಮನೆ ಕಾಲಂ ಬೀಮಿನದಾ ಇಲ್ಲ ಗೋಡೆ ಮೇಲೇ ಸ್ಲ್ಯಾಬ್ ಕೂತಿರೋದಾ ಅನ್ನೋದು ಮೊದಲನೇ ಪ್ರಶ್ನೆ, ಎರಡನೇದಾದ್ರೆ ಒಳಗಿನ ದಪ್ಪ ಗೋಡೆ ಯಾವುದನ್ನೂ ಕೈ ಹಾಕೋ ಮುಂಚೆ ಭಾರ ಹೊತ್ತಿದೆ ಅಂತಲೇ ತಿಳ್ಕೊಳ್ಳಿ. ತೆಗೀಲೇಬೇಕಂದ್ರೆ ಆಗತ್ತೆ, ಮೇಲೆ ಬೀಮ್ ಕೊಟ್ಟು, ಬೀಮಿನ ಎರಡೂ ತುದಿ ಎಲ್ಲಿ ಕೂರತ್ತೋ ಅಲ್ಲಿ ಗಟ್ಟಿ ಮಾಡಿ, ಅದರ ಕೆಳಗಿನ ಪಾಯ ಮರೀದೆ. ಜನ ಬೀಮ್ ಹಾಕ್ತಾರೆ, ತುದಿ ಮರೀತಾರೆ, ಗೋಡೆ ಪೂರ್ತಿ ಹಂಚಿ ಹೊತ್ತಿದ್ದ ಭಾರ ಎರಡು ಪಾಯಿಂಟಿಗೆ ಬಂದು ಕೂತಾಗ ಅಲ್ಲಿ ಇಟ್ಟಿಗೆ ಒಡೆಯತ್ತೆ. ಇದಲ್ಲದೆ ನೀವು ಕೆಳಗೆ ಗೋಡೆ ಕಮ್ಮಿ ಮಾಡಿ ಮೇಲೆ ಭಾರ ಜಾಸ್ತಿ ಮಾಡ್ತಿದೀರಿ, ಎರಡೂ ಒಂದೇ ಸಲ. ಕೆಳಗಿನ ಫ್ಲೋರು ಮೇಲಿನದಕ್ಕಿಂತ ಸಡಿಲ ಇರೋ ಕಟ್ಟಡ ಭೂಕಂಪಕ್ಕೆ ಅತೀ ಸುಲಭದ ತುತ್ತು. 1994ರ ಜನವರಿ 17ರ ನಾರ್ತ್‌ರಿಡ್ಜ್ ಭೂಕಂಪದಲ್ಲಿ ಲಾಸ್ ಏಂಜಲೀಸ್‌ನ ಒಂದೇ ಅಪಾರ್ಟ್‌ಮೆಂಟಲ್ಲಿ 16 ಜನ ಸತ್ತರು, ಕೆಳಗೆ ಪಾರ್ಕಿಂಗಿಗೆ ಅಂತ ಗೋಡೆ ಕಮ್ಮಿ ಇದ್ದ ಫ್ಲೋರು ಕುಸಿದು. ಹಾಗಾಗಿ ಗೋಡೆಗೆ ಒಂದು ಅರ್ಜಿ, ರೂಮಿಗೆ ಇನ್ನೊಂದು ಅಂತ ಬೇರೆ ಮಾಡೋಕೆ ಹೋಗಬೇಡಿ, ಎರಡನ್ನೂ ಒಂದೇ ಡ್ರಾಯಿಂಗಲ್ಲಿ ತೋರಿಸಿ ಒಂದೇ ಲೆಕ್ಕ ಮಾಡಿಸಿ.

ಇಷ್ಟು ಆದ ಮೇಲೆ ಅರ್ಜಿ. ಸಾಮಾನ್ಯವಾಗಿ ಮಾಲೀಕತ್ವದ ದಾಖಲೆ, ತೆರಿಗೆ ಕಟ್ಟಿದ ರಸೀತಿ, ಸೈಟ್ ಪ್ಲ್ಯಾನ್, ಇರೋ ಕಟ್ಟಡದ ಡ್ರಾಯಿಂಗ್, ಹೊಸ ಕೆಲಸದ ಡ್ರಾಯಿಂಗ್, ಎಂಜಿನಿಯರ್ ಲೆಕ್ಕ ಮತ್ತೆ ಸೈನು, ಇಷ್ಟು ಕೇಳ್ತಾರೆ. ಇದ್ದದ್ದು, ಒಡೆಯೋದು, ಹೊಸದು ಮೂರನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಿ, ನೋಡೋ ಅಧಿಕಾರಿಗೆ ನಿಮ್ಮ ಮನೆ ಗೊತ್ತಿರಲ್ಲ, ಅವರು ಕಾಗದ ನೋಡಿ ಐದು ನಿಮಿಷದಲ್ಲಿ ಅರ್ಥ ಮಾಡ್ಕೊಳ್ಳಬೇಕು. ಫೈಲು ವಾಪಸ್ ಬರೋ ಕಾರಣಗಳು ಕೇಳಿದ್ರೆ ನಗು ಬರತ್ತೆ, ಪತ್ರದಲ್ಲಿ ಒಂದು ವಿಸ್ತೀರ್ಣ ಡ್ರಾಯಿಂಗಲ್ಲಿ ಇನ್ನೊಂದು, ಮಾಲೀಕರ ಹೆಸರಿನ ಇನಿಷಿಯಲ್ ಒಂದೊಂದು ಕಡೆ ಒಂದೊಂದು, ಪತ್ರದಲ್ಲಿ ಇಬ್ಬರ ಹೆಸರಿದ್ದು ಅರ್ಜಿಗೆ ಒಬ್ಬರೇ ಸೈನು, ಉತ್ತರ ದಿಕ್ಕಿನ ಬಾಣದ ಗುರುತಿಲ್ಲ. ಇದಕ್ಕೆಲ್ಲ ಯಾರದೋ ಶಿಫಾರಸು ಬೇಕಿಲ್ಲ, ಕೊಡೋ ಮುಂಚೆ ಒಬ್ಬರು ಕೂತು ತಾಳೆ ನೋಡಿದ್ರೆ ಆಯ್ತು. ಅರ್ಜಿಗೆ ಮುಂಚೆ ಮಾತಾಡೋಕೆ ಅವಕಾಶ ಇರೋ ಆಫೀಸಾದ್ರೆ ಖಂಡಿತ ಬಳಸ್ಕೊಳ್ಳಿ, ಒಂದು ಕೈಬರಹದ ಸ್ಕೆಚ್ಚಾದ್ರೂ ತಗೊಂಡು ಹೋಗಿ. ಬಾಯಿಮಾತಲ್ಲಿ "ಬೇಡ ಹೋಗ್ರಿ, ಮಾಡ್ಕೊಳ್ರಿ" ಅಂದ್ರೆ ಅಲ್ಲಿಗೇ ಖುಷಿಪಡಬೇಡಿ, ಆ ಅಧಿಕಾರಿ ನಾಳೆ ವರ್ಗ ಆಗ್ತಾರೆ. ಕೆಲಸದ ವಿವರ ಬರೆದು ಇದಕ್ಕೆ ಮಂಜೂರಾತಿ ಬೇಕಾ ಅಂತ ಒಂದು ಪತ್ರನೋ ಈಮೇಲೋ ಕೊಟ್ಟು ಬರಹದಲ್ಲೇ ಉತ್ತರ ಇಸ್ಕೊಳ್ಳಿ.

ಎಷ್ಟು ದಿನ ಆಗತ್ತೆ ಅಂತ ಎಲ್ರೂ ಕೇಳ್ತಾರೆ, ಅದು ನಿಮ್ಮ ಆಫೀಸಿನ ನಿಯಮದಲ್ಲಿರೋ ಗಡುವು ನೋಡಿ ಹೇಳೋ ಮಾತು, ಆದ್ರೆ ಗಡುವು ಎಣಿಸೋದು ಫೈಲು ಪೂರ್ತಿ ಆದ ದಿನದಿಂದ ಅನ್ನೋದು ನೆನಪಿರಲಿ. ಸಿಕ್ಕ ಮಂಜೂರಾತಿಗೂ ಆಯಸ್ಸಿದೆ. ಅಮೆರಿಕದ ಅದೇ ಮಾದರಿ ಸಂಹಿತೆಯಲ್ಲಿ 180 ದಿನದೊಳಗೆ ಕೆಲಸ ಶುರು ಆಗದಿದ್ರೆ, ಅಥವಾ ಶುರುವಾಗಿ 180 ದಿನ ನಿಂತುಹೋದ್ರೆ ಪರ್ಮಿಟ್ ಸತ್ತುಹೋಗತ್ತೆ. ದುಡ್ಡು ಹೊಂದಿಸ್ಕೊಳ್ಳೋ ಮುಂಚೆನೇ ಪರ್ಮಿಷನ್ ತೆಗೆದಿಟ್ಟುಬಿಡೋಣ ಅಂತ ಯೋಚಿಸೋರು ಇದನ್ನ ನೋಡ್ಕೊಳ್ಳಿ.

ಕೆಲಸ ನಡೆಯೋವಾಗ ಇನ್‌ಸ್ಪೆಕ್ಷನ್ ಇರೋ ಊರಾದ್ರೆ ಒಂದೇ ಸೂತ್ರ, ಮುಚ್ಚಿಹೋಗೋದನ್ನ ಮುಚ್ಚೋ ಮುಂಚೆ ತೋರಿಸಬೇಕು. ಪಾಯಕ್ಕೆ ಕಾಂಕ್ರೀಟ್ ಹಾಕೋ ಮುಂಚೆ, ಸ್ಲ್ಯಾಬಿನ ಕಂಬಿ ಕಟ್ಟಿದ ಮೇಲೆ ಕಾಂಕ್ರೀಟಿಗೆ ಮುಂಚೆ, ಪೈಪು ವೈರು ಹಾಕಿದ ಮೇಲೆ ಗಾರೆಗೆ ಮುಂಚೆ. ತಪ್ಪಿಸಿಕೊಂಡ್ರೆ ಒಡೆದು ತೋರಿಸಿ ಅನ್ನೋ ಅಧಿಕಾರ ಅವರಿಗೆ ಇರತ್ತೆ. ಇನ್‌ಸ್ಪೆಕ್ಷನ್ ಇಲ್ಲದ ಊರಲ್ಲೂ ನಿಮ್ಮ ಎಂಜಿನಿಯರನ್ನೇ ಈ ಮೂರು ಸಲ ಕರೆಸಿ, ಟೇಪ್ ಇಟ್ಟು ಫೋಟೋ ತೆಗೆದಿಡಿ. ಹತ್ತು ವರ್ಷ ಬಿಟ್ಟು ಗೋಡೆಯೊಳಗೆ ಪೈಪ್ ಎಲ್ಲಿ ಹೋಗಿದೆ ಅಂತ ಹುಡುಕೋವಾಗ ಆ ಫೋಟೋ ನಿಮಗೇ ಬೇಕಾಗತ್ತೆ.

ಈಗ ನಾನು ಅತಿ ಹೆಚ್ಚು ಒತ್ತಿ ಹೇಳ್ಬೇಕಾದ್ದು, ಮಂಜೂರಾದ ಮೇಲೆ ಮಾಡೋ ಬದಲಾವಣೆ. ಪರ್ಮಿಷನ್ ಇಲ್ಲದೆ ಕಟ್ಟೋರಿಗಿಂತ ಪರ್ಮಿಷನ್ ತಗೊಂಡು ಬೇರೆ ಥರ ಕಟ್ಟೋರೇ ಹೆಚ್ಚು. ಸೈಟಲ್ಲಿ ನಿಂತಾಗ ಬಾಲ್ಕನಿ ಎರಡಡಿ ಮುಂದೆ ತರೋಣ, ಮೆಟ್ಟಿಲು ಆ ಕಡೆ ತಿರುಗಿಸೋಣ, ಟ್ಯಾಂಕ್ ಈ ಮೂಲೆಗೆ ಹಾಕೋಣ ಅಂತ ಅನ್ಸತ್ತೆ, ಕಾಂಟ್ರಾಕ್ಟರ್ "ಅದೇನ್ ಬಿಡಿ ಸಾರ್, ಮಾಡ್ಬಿಡೋಣ" ಅಂತಾರೆ. 1981ರ ಜುಲೈ 17ರಂದು ಅಮೆರಿಕದ ಕನ್ಸಾಸ್ ಸಿಟಿಯ ಒಂದು ಹೋಟೆಲಲ್ಲಿ ತೂಗುಸೇತುವೆ ಥರದ ಎರಡು ನಡೆದಾರಿ ಒಂದರ ಮೇಲೊಂದು ಬಿದ್ದು 114 ಜನ ಸತ್ತರು. ಮೂಲ ಡ್ರಾಯಿಂಗಲ್ಲಿ ಚಾವಣಿಯಿಂದ ಇಳಿದ ಒಂದೇ ಉದ್ದ ಸರಳು ಮೇಲಿನದನ್ನೂ ಕೆಳಗಿನದನ್ನೂ ಹಿಡಿದಿತ್ತು, ತಯಾರಿಸೋಕೆ ಸುಲಭ ಅಂತ ಅದನ್ನ ಎರಡು ತುಂಡು ಸರಳು ಮಾಡಿ, ಕೆಳಗಿನ ದಾರಿಯನ್ನ ಮೇಲಿನ ದಾರಿಯ ಬೀಮಿಗೇ ನೇತುಹಾಕಿದ್ರು. ನೋಡೋಕೆ ಏನೂ ವ್ಯತ್ಯಾಸ ಇಲ್ಲ, ಆದ್ರೆ ಮೇಲಿನ ಬೀಮಿನ ಕೆಳಗಿದ್ದ ನಟ್ಟು ಒಂದರ ಬದಲು ಎರಡರ ಭಾರ ಹೊರ್ತಿತ್ತು. ಮೂಲ ಡಿಸೈನೇ ನಿಯಮ ಕೇಳೋದಕ್ಕಿಂತ ದುರ್ಬಲ ಇತ್ತು ಅಂತ ತನಿಖೆಯಲ್ಲಿ ಗೊತ್ತಾಯ್ತು, ಅದರ ಮೇಲೆ ಈ ಬದಲಾವಣೆ. ನಿಮ್ಮ ರೂಮು ಅಷ್ಟು ದೊಡ್ಡ ವಿಷಯ ಅಲ್ಲ, ಸರಿ. ಆದ್ರೆ ಬಾಲ್ಕನಿ ಎರಡಡಿ ಮುಂದೆ ಬಂದ್ರೆ ಮೇಲಿನ ಕಂಬಿಯ ಲೆಕ್ಕ ಬದಲಾಗತ್ತೆ, ಟ್ಯಾಂಕ್ ಮೂಲೆ ಬದಲಾದ್ರೆ ಯಾವ ಕಾಲಂ ಕೆಳಗೆ ಭಾರ ಇಳಿಯತ್ತೆ ಅನ್ನೋದು ಬದಲಾಗತ್ತೆ. ಬದಲಾವಣೆ ಬೇಕಂದ್ರೆ ಕೆಲಸ ಅಲ್ಲಿಗೆ ನಿಲ್ಲಿಸಿ, ಪರಿಷ್ಕೃತ ಡ್ರಾಯಿಂಗ್ ಕೊಟ್ಟು, ಒಪ್ಪಿಗೆ ಬಂದ ಮೇಲೆ ಮುಂದುವರೀರಿ.

"ಆಮೇಲೆ ನೋಡ್ಕೊಳ್ಳೋಣ" ಅನ್ನೋದಕ್ಕೆ ಉತ್ತರ. ಇಂಗ್ಲೆಂಡ್‌ನ ಸರ್ರೆಯಲ್ಲಿ ಒಬ್ಬ ರೈತ ಪರ್ಮಿಷನ್ ಇಲ್ಲದೆ ಕೋಟೆ ಥರದ ದೊಡ್ಡ ಮನೆ ಕಟ್ಟಿ, ಸುತ್ತ ಹುಲ್ಲಿನ ಪೆಂಡಿ ಪೇರಿಸಿ ಟಾರ್ಪಾಲಿನ್ ಹೊದಿಸಿ, 2002ರಿಂದ ನಾಲ್ಕು ವರ್ಷ ಅದರೊಳಗೇ ಸಂಸಾರ ಮಾಡಿದ, ನಾಲ್ಕು ವರ್ಷ ಯಾರೂ ಆಕ್ಷೇಪಿಸದಿದ್ರೆ ಕ್ರಮ ಇಲ್ಲ ಅಂತ ಅಲ್ಲಿ ಆಗ ನಿಯಮ ಇತ್ತು. 2006ರಲ್ಲಿ ಹುಲ್ಲು ತೆಗೆದ. 2010ರಲ್ಲಿ ಹೈಕೋರ್ಟು ಹುಲ್ಲು ತೆಗೆಯೋದೂ ಕಟ್ಟಡ ಕೆಲಸದ ಭಾಗವೇ, ಹಾಗಾಗಿ ಕಾಲ ಅಲ್ಲಿಂದ ಶುರು ಅಂದುಬಿಡ್ತು. 2016ರಲ್ಲಿ ಮನೆ ಕೆಡವಿಸಿದ್ರು. ಆ ನಾಲ್ಕು ವರ್ಷದ ಗಡುವನ್ನೂ ಅಲ್ಲಿ 2024ರ ಏಪ್ರಿಲ್ 25ರಿಂದ 10 ವರ್ಷ ಮಾಡಿದಾರೆ. ಇನ್ನೊಂದು ತುದಿಗೆ 2013ರ ಢಾಕಾ ಹತ್ತಿರದ ರಾಣಾ ಪ್ಲಾಜಾ ಇದೆ, ಮೇಲಿನ ಫ್ಲೋರುಗಳನ್ನ ಪರ್ಮಿಟ್ ಇಲ್ಲದೆ ಏರಿಸಿದ್ದ ಕಟ್ಟಡ, ಸತ್ತವರು 1,134. ನಿಮ್ಮ ಮಟ್ಟದಲ್ಲಿ ಕೆಡವೋ ತನಕ ಹೋಗದೇ ಇರಬಹುದು, ಆದ್ರೆ ಮಾರೋ ದಿನ ತಗೊಳ್ಳೋರ ವಕೀಲರು ಪ್ಲ್ಯಾನ್ ಕೇಳ್ತಾರೆ, ಸಾಲ ಕೊಡೋ ಬ್ಯಾಂಕ್ ಮೇಲಿನ ರೂಮನ್ನ ಬೆಲೆಗೆ ಸೇರಿಸದೇ ಹೋಗಬಹುದು, ವಿಮೆಯವರು ಪರ್ಮಿಷನ್ ಇಲ್ಲದ ಭಾಗಕ್ಕೆ ಕ್ಲೈಮ್ ತಗಾದೆ ತೆಗೀಬಹುದು. ಆವಾಗ ಆ ಕಾಂಟ್ರಾಕ್ಟರ್ ಪಕ್ಕದಲ್ಲಿ ನಿಂತಿರಲ್ಲ.

ಶೆಡ್ಡಿಗೆ ಏನ್ ಮಾಡ್ಲಿ ಅಂದ್ರೆ, ಮೂರು ದಾರಿ. ನಿಯಮದೊಳಗೆ ಬರೋ ಹಾಗಿದ್ರೆ ಹೊಸ ಅರ್ಜಿಯ ಜೊತೆಗೇ ಅದನ್ನೂ ತೋರಿಸಿ ಸಕ್ರಮ ಮಾಡಿಸ್ಕೊಳ್ಳಿ, ಫೀಸೋ ದಂಡವೋ ಏನಿದ್ಯೋ ಕಟ್ಟಿ. ಸ್ವಲ್ಪ ಮಾತ್ರ ಮೀರಿದ್ರೆ ಅಷ್ಟು ಭಾಗ ಕತ್ತರಿಸಬಹುದು. ಗಡಿಗೆ ಅಂಟಿಕೊಂಡು ಯಾವ ಲೆಕ್ಕಕ್ಕೂ ಕೂರದಿದ್ರೆ, ನನ್ನ ಕೇಳಿದ್ರೆ, ಅರ್ಜಿ ಹಾಕೋ ಮುಂಚೆನೇ ಕೆಡವಿ ಜಾಗ ಖಾಲಿ ಮಾಡಿ. ಹಳೇ ಸಾಮಾನು ಇಡೋ ಒಂದು ಶೆಡ್ಡಿಗೋಸ್ಕರ ಮೇಲಿನ ರೂಮು ಕಳ್ಕೊಳ್ಳೋದು ಬುದ್ಧಿವಂತಿಕೆ ಅಲ್ಲ. ಮೇಲ್ಛಾವಣಿ ಹಳೇ ಸಿಮೆಂಟ್ ಶೀಟಾಗಿದ್ರೆ ಮೇಸ್ತ್ರಿ ಕೈಲಿ ಸುತ್ತಿಗೇಲಿ ಒಡೆಸಬೇಡಿ, ಅದರಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಧೂಳು ಶ್ವಾಸಕೋಶಕ್ಕೆ ಹೋಗತ್ತೆ, ನೀರು ಹೊಡೆದು ಒದ್ದೆ ಮಾಡಿ ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಬೇಕು, ಎಷ್ಟೋ ಕಡೆ ಅದಕ್ಕೂ ಲೈಸೆನ್ಸ್ ಇದ್ದವರೇ ಬೇಕು.

ಪಕ್ಕದ ಮನೆಯವರಿಗೆ ಕೆಲಸ ಶುರುವಾಗೋ ಮುಂಚೆ ಡ್ರಾಯಿಂಗ್ ತೋರಿಸಿ ಒಂದು ಮಾತು ಹೇಳಿ, ಅವರ ಗೋಡೆಯಲ್ಲಿ ಈಗಾಗಲೇ ಇರೋ ಬಿರುಕುಗಳ ಫೋಟೋ ಇಬ್ಬರೂ ಸೇರಿ ತೆಗೆದಿಡಿ. ದೂರು ಹೋಗೋದು ಹೆಚ್ಚಾಗಿ ಅಲ್ಲಿಂದಲೇ.

ಕಾಂಟ್ರಾಕ್ಟರಿಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದ್ಕೋತೀನಿ. ಕೊಡೋ ಮುಂಚೆ ಅಗ್ರಿಮೆಂಟಲ್ಲಿ ಮೂರು ಸಾಲು ಹಾಕಿಸಿ: ಮಂಜೂರಾತಿ ಕೈಗೆ ಬಂದ ಮೇಲೆನೇ ಕೆಲಸ ಶುರು, ಮಂಜೂರಾದ ಡ್ರಾಯಿಂಗಿನಿಂದ ನನ್ನ ಲಿಖಿತ ಒಪ್ಪಿಗೆ ಮತ್ತೆ ಎಂಜಿನಿಯರ್ ಸೈನ್ ಇಲ್ಲದೆ ಏನೂ ಬದಲಾಯಿಸೋ ಹಾಗಿಲ್ಲ, ಕೊನೇ ಕಂತು ಮುಕ್ತಾಯದ ಸರ್ಟಿಫಿಕೇಟ್ ಸಿಕ್ಕ ಮೇಲೆ. ಈ ಮೂರಕ್ಕೆ ಅವರು ಒಪ್ಪದಿದ್ರೆ ಬೇರೆಯವರನ್ನ ನೋಡಿ.